ಅಪ್ಪನಿಗೆ ಕೇಳಿಸಿದ್ದು

ಕುಷಾಯಿಗೂಡ, ಹೈದರಾಬಾದ್
೯ ಏಪ್ರಿಲ್ ೨೦೨೫

ಅಪ್ಪಾ,

ಶಾಂತಕುಮಾರ ಮಾಮಾನ ಮನೆ ಮುಟ್ಟಿ ಮೂರು ದಿನವಾಯಿತು. ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ. ಅವಳು ನಿಮಗೆ ಅರ್ಧ ಹೇಳಿರುತ್ತಾಳೆ, ಅದರಲ್ಲಿ ನಿಮಗೆ ಕಾಲು ಭಾಗ ಕೇಳಿಸಿರುತ್ತದೆ. ಮನೆಯಲ್ಲಿದ್ದಾಗಲೇ ನಿಮ್ಮನ್ನು ಮೂರು ಸಲ "ಅಪ್ಪಾ" ಎಂದು ಕೂಗಿ, ಮೂರನೆಯ ಸಲಕ್ಕೆ ಹೆಗಲು ಮುಟ್ಟಬೇಕು. ಇನ್ನು ಫೋನಿನಲ್ಲಿ ಏನು ಮಾತಾಡುವುದು? ಇಪ್ಪತ್ಮೂರು ವರ್ಷ ಬಾಯ್ಲರ್ ಪಕ್ಕ ನಿಂತ ಕಿವಿಗೆ ಪತ್ರವೇ ಸರಿ. ಹುಲಗೇಶ ಕಾಕಾ ಕಂಡಕ್ಟರ್ ಆಗಿರುವ ಬಸ್ಸು ಹುಮನಾಬಾದಿನಿಂದ ದಿನಾ ಇಲ್ಲಿಯ ಇಮ್ಲಿಬನ್ ಬಸ್‌ಸ್ಟ್ಯಾಂಡಿಗೆ ಬರುತ್ತದಲ್ಲ, ಅವರ ಚೀಲದಲ್ಲಿ ನಿಮ್ಮ ಪತ್ರ ಹಾಕಿ ಕಳಿಸಿರಿ. ನಾನೂ ಹಾಗೇ ಮಾಡುತ್ತೇನೆ.

ಆಫೀಸು ಹದಿನಾಲ್ಕನೇ ಅಂತಸ್ತಿನಲ್ಲಿದೆ. ಕಿಟಕಿಯಿಂದ ನೋಡಿದರೆ ಬರೀ ಬಂಡೆ ಮತ್ತು ಕ್ರೇನು. ಜನ ನಂಬಿ ಕೊಟ್ಟ ಹಣವನ್ನು ಯಾವ ಕಂಪನಿಯ ಶೇರಿನಲ್ಲಿ ಹಾಕಬೇಕೆಂದು ನೋಡುವುದು ಇವರ ಕೆಲಸ. ನಾವು ಆರು ಜನ ಇಂಟರ್ನ್‌ಗಳು. ಒಬ್ಬೊಬ್ಬರಿಗೆ ಒಂದೊಂದು ಕಂಪನಿ. ಅದನ್ನು ಎರಡು ತಿಂಗಳು ಓದಿ, ವಿಚಾರಿಸಿ, ಅದರ ಶೇರು ಕೊಳ್ಳಬೇಕೋ ಬಿಡಬೇಕೋ ಎಂದು ರಿಪೋರ್ಟು ಬರೆಯಬೇಕು. ಮೇ ಮೂವತ್ತಕ್ಕೆ ದೊಡ್ಡವರ ಮುಂದೆ ನಿಂತು ಹೇಳಬೇಕು. ಆರರಲ್ಲಿ ಇಬ್ಬರಿಗೆ ಇಲ್ಲೇ ನೌಕರಿ. ನನಗೆ ಬೇಕೇ ಬೇಕು ಅಪ್ಪಾ, ಬಾಯಿ ಬಿಟ್ಟು ಹೇಳುತ್ತೇನೆ.

ಈಗ ತಮಾಷೆ ಕೇಳಿರಿ. ನಮ್ಮ ಮೇಲಿನ ಸುಮಂತ ಸರ್ ಕಂಪನಿಗಳ ಪಟ್ಟಿ ಓದುತ್ತಿದ್ದರು. ಮೂರನೇ ಹೆಸರು ಔಷಧಿ ತಯಾರಿಸುವ ಅಚಲಾ ಲ್ಯಾಬ್ಸ್. ನಿಮ್ಮ ಅಚಲಾ! ಅವರು ಓದಿ ಮುಗಿಸುವುದರೊಳಗೆ ನಾನು ಕೈ ಎತ್ತಿದ್ದೆ. ನಿಮ್ಮ ಅಂಗಿಯ ವಾಸನೆಯಿಂದಲೇ ಗೊತ್ತಿರುವ ಕಂಪನಿಯನ್ನು ಬೇರೆಯವರಿಗೆ ಬಿಡುತ್ತೇನೆಯೇ? ಆಮೇಲೆ ಹತ್ತು ಫಾರ್ಮು ತುಂಬಿಸಿಕೊಂಡರು. ಅವುಗಳ ಕಥೆ ಬೇಡ ಬಿಡಿ.

ನಿಮ್ಮ
ಕಾವ್ಯಾ


ಹುಮನಾಬಾದ್
೧೫ ಏಪ್ರಿಲ್ ೨೦೨೫, ಮಂಗಳವಾರ

ಪ್ರೀತಿಯ ಕಾವ್ಯಾ,

ನಿನ್ನ ಪತ್ರವನ್ನು ಹುಲಗೇಶನು ತಂದುಕೊಟ್ಟನು. ಓದಿ ಸಂತೋಷವಾಯಿತು. ನಾವು ಕ್ಷೇಮದಿಂದಿದ್ದೇವೆ. ನನ್ನ ಪುಸ್ತಕದ ಕನ್ನಡ ಕಂಡು ನಗಬೇಡ. ಬರೆಯುವಾಗ ಹೀಗೆಯೇ ಬರೆಯಬೇಕೆಂದು ನಮ್ಮ ಸಾಲಿಯ ಮಾಸ್ತರರು ಕೈಮೇಲೆ ಬಡಿದು ಕಲಿಸಿದ್ದಾರೆ.

ಅಚಲಾ ಕಂಪನಿಯನ್ನೇ ಏಕೆ ತೆಗೆದುಕೊಂಡೆ? ಬೇರೆ ಸಿಗಲಿಲ್ಲವೇ? ಸಿಮೆಂಟಿನ ಕಂಪನಿಗಳು ಒಳ್ಳೆಯವು ಎಂದು ಕೇಳಿದ್ದೇನೆ. ಮನೆ ಕಟ್ಟುವುದು ಎಂದೂ ನಿಲ್ಲುವುದಿಲ್ಲ. ಈಗಲೂ ಬದಲಿಸಲು ಬರುವಂತಿದ್ದರೆ ನಿಮ್ಮ ಸರ್ ಅವರನ್ನು ಕೇಳಿ ನೋಡು.

ಡ್ಯೂಟಿ ಎಂದಿನಂತೆ ನಡೆದಿದೆ. ಹಿತ್ತಲಿನ ಹೊರಸಿಗೆ ಹೊಸ ಪಟ್ಟಿ ಹೆಣೆದೆ. ಅಡುಗೆಮನೆಗೆ ಸುಣ್ಣ ಹಚ್ಚಿದೆ. ಈಗ ಮುಂಜಾನೆ ಹನ್ನೊಂದು ಗಂಟೆ. ನಿನ್ನ ಅವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಾ, "ನಿಮ್ಮವ್ವ ಶಾರದಾಬಾಯಿ ಕೇಳ್ಯಾಳ ಅಂತ ಬರೀರಿ, ಮೊಸರು ತಿಂತಾಳೋ ಇಲ್ಲೋ" ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಬಿಸಿಲಲ್ಲಿ ತಿರುಗಬೇಡ.

ನಿನ್ನ ತಂದೆ
ಅಮರೇಶಪ್ಪ


ಕುಷಾಯಿಗೂಡ
೨೭ ಏಪ್ರಿಲ್ ೨೦೨೫

ಅಪ್ಪಾ,

ಸಿಮೆಂಟು ಬೇಡ. ನಿಮ್ಮ ಬಾಯ್ಲರೇ ಬೇಕು.

ಸುಮಂತ ಸರ್ ಒಳ್ಳೆಯವರು, ಆದರೆ ಬಿಡುವವರಲ್ಲ. "ವಾರ್ಷಿಕ ವರದಿ ಎಲ್ಲರೂ ಓದ್ತಾರೆ. ನೀನು ಕಂಪನಿ ಗೇಟಿನ ಮುಂದೆ ಹೋಗಿ ಕೂತು ಚಹಾ ಕುಡಿ" ಎಂದರು. ನಿನ್ನೆ ಜೀಡಿಮೆಟ್ಲಾಕ್ಕೆ ಹೋಗಿ ಅಚಲಾದ ಹಳೇ ಯೂನಿಟ್ಟಿನ ಎದುರು ಎರಡು ತಾಸು ಕೂತೆ. ಶಿಫ್ಟ್ ಬಿಟ್ಟಾಗ ನಿಮ್ಮದೇ ಬಣ್ಣದ ಹಸಿರು ಅಂಗಿಯವರು ಸಾಲಾಗಿ ಬಂದು ಚಹಾ ಕುಡಿದರು. ಅದೇ ವಾಸನೆ. ನನಗೆ ಸುಮ್ಮನೆ ಕಣ್ಣು ತುಂಬಿ ಬಂತು. ಅಂಗಡಿಯವನು "ಏಮೈಂದಮ್ಮಾ?" ಏನಾಯಿತಮ್ಮಾ ಎಂದು ಕೇಳಿ ಇನ್ನೊಂದು ಬಿಸ್ಕೀಟು ಕೊಟ್ಟ.

ವರದಿಯ ಮೂವತ್ತನಾಲ್ಕನೇ ಪುಟದಲ್ಲಿ ನಿಮ್ಮ ಹುಮನಾಬಾದ್ ಯೂನಿಟ್ಟಿನ ಫೋಟೋ ಇದೆ. ಆರು ಜನ ನಿಂತಿದ್ದಾರೆ. ಎಲ್ಲರ ತಲೆಯ ಮೇಲೂ, ಸದ್ದು ಕೇಳಿಸದಂತೆ ಕಿವಿ ಮುಚ್ಚುವ ಕೆಂಪು ಮಫ್‌ಗಳು. ನಾಲ್ಕನೆಯವರು ನೀವೇ! ಇಷ್ಟು ಒಳ್ಳೆಯ ಸಾಮಾನು ಕೊಟ್ಟಿದ್ದಾರೆ, ಹಾಕಿಕೊಳ್ಳದೆ ಕಿವಿ ಕೆಡಿಸಿಕೊಂಡಿರೇನು? ಅವ್ವನಿಗೆ ಹೇಳುತ್ತೇನೆ ತಾಳಿರಿ.

ಅದೇ ಪುಟದಲ್ಲಿ, ಹುಮನಾಬಾದಿನ ಹೊಸ ಬ್ಲಾಕು ಮೂರೂ ಶಿಫ್ಟು ನಡೆಯುತ್ತಿದೆ ಎಂದು ಬರೆದಿದ್ದಾರೆ. ಈ ವರ್ಷ ಅಚಲಾದ ಲಾಭವೆಲ್ಲ ನಿಂತಿರುವುದು ಆ ಬ್ಲಾಕಿನ ಮೇಲೆ. ಹಾಗಾದರೆ ಶೇರು ಕೊಳ್ಳಬೇಕಾದದ್ದೇ. ಅಲ್ಲಿರುವವರು ನೀವು. ನನಗಾಗಿ ಒಂದೇ ಸಾಲು ಬರೆಯಿರಿ: ಬ್ಲಾಕು ಜೋರಾಗಿ ನಡೆದಿದೆಯೇ?

ನಿಮ್ಮ
ಕಾವ್ಯಾ


ಹುಮನಾಬಾದ್
೩ ಮೇ ೨೦೨೫

ಪ್ರೀತಿಯ ಕಾವ್ಯಾ,

ಫೋಟೋದ ವಿಷಯ ಹೇಳುತ್ತೇನೆ. ಹೋದ ವರ್ಷ ಯುಗಾದಿಯ ಮುಂದೆ ಹೈದರಾಬಾದಿನಿಂದ ಕ್ಯಾಮರಾದವರು ಬಂದಿದ್ದರು. ಆ ಕೆಂಪು ಮಫ್‌ಗಳನ್ನು ಅವರೇ ಡಬ್ಬಿಯಲ್ಲಿ ತಂದಿದ್ದರು. ಫೋಟೋ ತೆಗೆದು, ಎಣಿಸಿ, ಡಬ್ಬಿಗೆ ಹಾಕಿಕೊಂಡು ಹೋದರು. ಹಾಕಿಕೊಂಡದ್ದು ಹತ್ತು ನಿಮಿಷ, ಆದರೆ ಭಾಳ ಹಿತವಾಗಿತ್ತು.

ಕಂಪನಿಯ ಒಳಗಿನ ಮಾತನ್ನು ಹೊರಗೆ ಹೇಳುವುದಿಲ್ಲವೆಂದು ನಾನು ಕಾಗದದ ಮೇಲೆ ಸಹಿ ಮಾಡಿದ್ದೇನೆ. ಮಗಳಾದರೂ ಅಷ್ಟೇ. ಆದುದರಿಂದ ನಿನ್ನ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ಸಿಟ್ಟಾಗಬೇಡ. ನಾನು ಎಂದಿನಂತೆ ಡ್ಯೂಟಿಯಲ್ಲಿದ್ದೇನೆ.

ಒಂದು ಒಳ್ಳೆಯ ಸುದ್ದಿ. ನನ್ನ ಕಿವಿ ಈಚೆಗೆ ಸುಧಾರಿಸಿದೆ. ಒಳಗಿನ ಗುಂಯ್ ಎನ್ನುವ ಸದ್ದು ಕಡಿಮೆಯಾಗಿದೆ. ಬಸವ ಜಯಂತಿಯ ಡೊಳ್ಳು ಮನೆಯಲ್ಲಿ ಕುಳಿತೇ ಕೇಳಿದೆ. ಹುಲಗೇಶನ ಬಸ್ಸಿನ ಹಾರನ್ ಬೈಪಾಸಿನಲ್ಲಿ ಬಂದಾಗಲೇ ತಿಳಿಯುತ್ತದೆ. ನಿನ್ನ ಅವ್ವ ನನ್ನ ಬೆನ್ನ ಹಿಂದೆ ಏನೇನು ಗೊಣಗುತ್ತಾಳೆ ಎಂಬುದು ಮದುವೆಯಾಗಿ ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಬಟ್ಟೆ ಸೋಪು ಈ ಸಲ ತಿಂಗಳು ದಾಟಿ ಬಂತೆಂದು ಅವಳಿಗೆ ಬೆರಗು. ಇವೆಲ್ಲ ಸಣ್ಣ ಮಾತು. ನೀನು ಊಟ ತಪ್ಪಿಸಬೇಡ.

ಅಮರೇಶಪ್ಪ


ಕುಷಾಯಿಗೂಡ
೧೮ ಮೇ ೨೦೨೫

ಅಪ್ಪಾ, ಅಪ್ಪಾ, ಅಪ್ಪಾ!

(ಈಗ ಒಂದೇ ಸಲ ಸಾಕಲ್ಲ. ರೂಢಿ ಬಿಡಲಿಲ್ಲ.)

ಕಿವಿಯ ಸುದ್ದಿ ಓದಿ ಮಾಮಾನ ಮನೆಯಲ್ಲಿ ಕುಣಿದೆ. ಆ ಜಹೀರಾಬಾದ್ ಡಾಕ್ಟರ ಡ್ರಾಪ್ಸ್ ಕೆಲಸ ಮಾಡಿತು ನೋಡಿರಿ! ಬೇಡ ಬೇಡ ಎನ್ನುತ್ತಿದ್ದಿರಿ. ಬಿಡದೆ ಹಾಕಿಕೊಳ್ಳಿರಿ. ಮಾಮಾನ ಮಗಳು ಪಿಂಕಿ ನಿಮಗಾಗಿ ಹಾಡು ಕಲಿಯುತ್ತಾಳಂತೆ, ಮೊದಲು ಕೇಳಿಸುತ್ತಿರಲಿಲ್ಲ ಎಂದು ಹಾಡುತ್ತಿರಲಿಲ್ಲವಂತೆ.

ರಿಪೋರ್ಟು ಮುಗಿಯಿತು. ನಲವತ್ತೊಂದು ಪುಟ. ಮೊದಲ ಪುಟದಲ್ಲಿ ದೊಡ್ಡದಾಗಿ: ಕೊಳ್ಳಿ. ಅದರ ಕೆಳಗಿನ ಮುಖ್ಯ ಪ್ಯಾರಾ ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ: "ಹುಮನಾಬಾದಿನ ಹೊಸ ಬ್ಲಾಕು ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದ್ದು, ಮುಂದಿನ ಎರಡು ವರ್ಷ ಕಂಪನಿಯ ಬೆಳವಣಿಗೆ ಅಲ್ಲಿಂದಲೇ ಬರಲಿದೆ." ಸುಮಂತ ಸರ್ ಇದನ್ನು ಎರಡು ಸಲ ಓದಿ, "ಕಂಪನಿ ಹೇಳಿದ್ದು ಬಿಟ್ಟು ನಿನಗೆ ಇದು ಹೇಗೆ ಗೊತ್ತು?" ಎಂದರು. "ನನಗೆ ಗೊತ್ತು ಸರ್" ಎಂದೆ. ನೀವು ಸಹಿಯ ಮಾತು ಹೇಳಿ ತಪ್ಪಿಸಿಕೊಂಡಿರಿ, ಇರಲಿ. "ಎಂದಿನಂತೆ ಡ್ಯೂಟಿ" ಎಂದು ಎರಡು ಪತ್ರದಲ್ಲೂ ಬರೆದಿದ್ದೀರಲ್ಲ, ನನಗೆ ಅಷ್ಟೇ ಸಾಕಾಯಿತು.

ಮೂವತ್ತಕ್ಕೆ ಹೇಳಲು ಸುಲ್ತಾನ್ ಬಜಾರಿನಲ್ಲಿ ಒಂದು ನೀಲಿ ಕುರ್ತಾ ತಂದಿದ್ದೇನೆ. ನೌಕರಿ ಸಿಕ್ಕರೆ ನಿಮ್ಮನ್ನು ಈ ಹದಿನಾಲ್ಕನೇ ಅಂತಸ್ತಿಗೆ ಕರೆತಂದು ತೋರಿಸುತ್ತೇನೆ.

ಕಾವ್ಯಾ


ಹುಮನಾಬಾದ್
೨೦ ಮೇ ೨೦೨೫

ಕಾವ್ಯಾ,

ಆ ಪ್ಯಾರಾ ತೆಗೆದುಹಾಕು. ಸಾಧ್ಯವಾದರೆ ರಿಪೋರ್ಟನ್ನೇ ಕೊಡಬೇಡ. ಕಾರಣ ಕೇಳಬೇಡ.

ಅಮರೇಶಪ್ಪ


ಕುಷಾಯಿಗೂಡ
೨೨ ಮೇ ೨೦೨೫

ಅಪ್ಪಾ,

ಕಾರಣ ಕೇಳಬಾರದಂತೆ! ಆರು ವಾರ ಕಣ್ಣು ಕೆಂಪಗೆ ಮಾಡಿಕೊಂಡು ಬರೆದದ್ದನ್ನು ಎರಡು ಸಾಲಿನ ಚೀಟಿಗೆ ಹರಿದು ಹಾಕಬೇಕೇ? ಮೊದಲು ಸಿಮೆಂಟು ಎಂದಿರಿ, ಆಮೇಲೆ ಸಹಿ ಎಂದಿರಿ, ಈಗ ಕೊಡಲೇಬೇಡ ಎನ್ನುತ್ತೀರಿ. ಮಗಳು ನಿಮ್ಮ ಕಂಪನಿಯ ಬಗ್ಗೆ ಬರೆದದ್ದು ನಿಮಗೆ ಸೇರಲಿಲ್ಲ ಎಂದು ಕಾಣುತ್ತದೆ. ನನಗೆ ನೌಕರಿ ಸಿಗುವುದು ಬೇಡವೇ?

ಬಾಯ್ಲರ್ ನೀವು ನೋಡಿಕೊಳ್ಳಿರಿ. ರಿಪೋರ್ಟು ನಾನು ನೋಡಿಕೊಳ್ಳುತ್ತೇನೆ.

ಕಾವ್ಯಾ


ಹುಮನಾಬಾದ್
೨೪ ಮೇ ೨೦೨೫

ಯವ್ವಾ ಕಾವ್ಯಾ,

ನೋಡಿಕೊಳ್ಳಲು ಬಾಯ್ಲರ್ ಉರಿಯುತ್ತಿಲ್ಲ.

ಫೆಬ್ರುವರಿ ಹದಿನೇಳರಿಂದ ಅದು ತಣ್ಣಗೆ ಬಿದ್ದಿದೆ. ಹೊಲಸು ನೀರು ಹಳ್ಳಕ್ಕೆ ಹೋಗುತ್ತಿದೆ ಎಂದು ಸರಕಾರದವರು ಬಂದು ಹೊಸ ಬ್ಲಾಕಿಗೂ ಹಳೇ ಬ್ಲಾಕಿಗೂ ಬೀಗ ಹಾಕಿಸಿದರು. ನಮ್ಮನ್ನೆಲ್ಲ ಕರೆದು, ರಿಪೇರಿ ರಜೆ, ಅರ್ಧ ಪಗಾರ, ಹೊರಗೆ ಬಾಯಿ ಬಿಟ್ಟರೆ ಅದೂ ಇಲ್ಲ ಎಂದು ಸಹಿ ತೊಗೊಂಡರು. ನಿನ್ನ ಪರೀಕ್ಷೆ ಇತ್ತು. ಯುಗಾದಿಗೆ ನೀನು ಊರಿಗೆ ಬಾರದೆ ಕಲಬುರಗಿಯಿಂದ ನೇರ ಹೈದರಾಬಾದಿಗೆ ಹೋದದ್ದೇ ಚೊಲೋ ಆಯಿತೆಂದು ನಿನ್ನ ಅವ್ವನೂ ನಾನೂ ಅಂದುಕೊಂಡೆವು. ಈ ಎರಡು ತಿಂಗಳು ನೀನು ನಿಶ್ಚಿಂತೆಯಿಂದ ಇರಲಿ, ನೌಕರಿ ಸಿಕ್ಕ ಮೇಲೆ ಹೇಳಿದರಾಯಿತು ಎಂದಿದ್ದೆವು. ನನ್ನ ಸುಳ್ಳು ಹೋಗಿ ನಿನ್ನ ರಿಪೋರ್ಟಿನ ಮೊದಲ ಪುಟದಲ್ಲಿ ಕೂರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಡ್ರಾಪ್ಸ್ ಹಾಕಿಕೊಂಡಿಲ್ಲ. ಆ ಬಾಟಲಿಯ ಸೀಲು ಸಹ ಒಡೆದಿಲ್ಲ. ಮೂರು ತಿಂಗಳು ಬಾಯ್ಲರಿನ ಸದ್ದಿಲ್ಲ, ಅದಕ್ಕ ಕಿವಿ ತೆರೆದಾವ. ಫೋನಿನಾಗೂ ನಿನ್ನ ಮಾತು ಕೇಳಿಸ್ತಿತ್ತು ಯವ್ವಾ. ನಾನೇ ತೊಗೊಳ್ಳಲಿಲ್ಲ. ನಿನ್ನ ದನಿ ಕೇಳಿ ಸುಳ್ಳು ಹೇಳೋದು ನನ್ನಿಂದ ಆಗ್ತಿರಲಿಲ್ಲ. ಕಾಗದದ ಮ್ಯಾಲೆ ಹೇಳೋದು ಸ್ವಲ್ಪ ಸರಳ, ಅದೂ ಪುಸ್ತಕದ ಕನ್ನಡದಾಗ.

ಇದನ್ನ ಬರೆದದ್ದು ಗೊತ್ತಾದ್ರ ನನ್ನ ಅರ್ಧ ಪಗಾರ ಹೋಗ್ತದ, ಬಾಯ್ಲರ್ ಹಚ್ಚಿದಾಗ ನನ್ನ ಕರಿಯೋದೂ ಇಲ್ಲ. ಹೋಗಲಿ. ಜನ ನಂಬಿ ಕೊಟ್ಟ ಹಣ ಅಂತ ನೀನೇ ಬರೆದಿದ್ದಿ. ಅವರ ಮುಂದ ನನ್ನ ಮಗಳು ಇಲ್ಲದ್ದನ್ನ ಐತಿ ಅಂತ ಹೇಳಬಾರದು. ಮುಂದ ಏನು ಮಾಡಬೇಕೋ ನಿನಗ ಬಿಟ್ಟದ್ದು. ನೀನು ಸಿಟ್ಟಿಲೆ ಬರೆದದ್ದಕ್ಕ ನನಗ ಬ್ಯಾಸರ ಇಲ್ಲ.

ಅಪ್ಪ


ಕುಷಾಯಿಗೂಡ
೩೧ ಮೇ ೨೦೨೫

ಅಪ್ಪಾ,

ಒಂದು ವಾರ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ನಿಮ್ಮ ಪತ್ರವನ್ನು ಮೆಟ್ರೊದಲ್ಲಿ ಓದುತ್ತಾ ಹಬ್ಸಿಗೂಡದಲ್ಲಿ ಇಳಿಯುವುದು ಮರೆತು ನಾಗೋಲ್‌ವರೆಗೆ ಹೋದೆ. ಕೊನೆಯ ಸ್ಟೇಶನ್ ಎಂದು ಒಬ್ಬ ಹೆಂಗಸು ಎಬ್ಬಿಸಿದಳು. ನಿದ್ದೆ ಮಾಡಿರಲಿಲ್ಲ, ಅಳುತ್ತಿದ್ದೆ.

ನಾನೂ ಒಂದು ಸುಳ್ಳು ಹೇಳಿದ್ದೆ. ಮೊದಲ ದಿನದ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ನೀವು ಓದಲಿರುವ ಕಂಪನಿಯಲ್ಲಿ ಸಂಬಂಧಿಕರು ಯಾರಾದರೂ ಕೆಲಸ ಮಾಡುತ್ತಾರೆಯೇ? ಹೌದು ಎಂದರೆ ಅಚಲಾವನ್ನು ಬೇರೆಯವರಿಗೆ ಕೊಡುತ್ತಿದ್ದರು. ನಿಮ್ಮ ಬಗ್ಗೆ ನಾಚಿಕೆಪಟ್ಟು ಅಲ್ಲ ಅಪ್ಪಾ, ನಿಮ್ಮ ಕಂಪನಿ ನನ್ನದೇ ಆಗಬೇಕೆಂಬ ಆಸೆಗೆ "ಇಲ್ಲ" ಎಂದು ಗುರುತು ಹಾಕಿದೆ. ಒಳಗಿನ ಸುದ್ದಿ ಕೇಳಬಾರದೆಂದು ಮೊದಲ ವಾರವೇ ಪಾಠ ಮಾಡಿದ್ದರು. ಆದರೂ ನಿಮ್ಮನ್ನು ಕೇಳಿದೆ. ಸಹಿ ಮಾಡಿದ್ದೇನೆ ಎಂದು ನೀವು ಬರೆದಾಗ ಒಳಗೊಳಗೆ ನಗು ಬಂದಿತ್ತು. ನನಗಿಂತ ನಿಮಗೇ ನಿಯಮ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಸುಮಂತ ಸರ್ ಕೋಣೆಗೆ ಹೋಗಿ, "ಸರ್, ಅಚಲಾದಲ್ಲಿ ನನ್ನ ತಂದೆ ಕೆಲಸ ಮಾಡ್ತಾರೆ. ಫಾರ್ಮಿನಲ್ಲಿ ಸುಳ್ಳು ಬರೆದಿದ್ದೆ. ಈ ರಿಪೋರ್ಟು ನಾನು ಕೊಡಲ್ಲ" ಎಂದೆ. ನಿಮ್ಮ ಪತ್ರದ ಮಾತು ಒಂದಕ್ಷರ ಹೇಳಲಿಲ್ಲ. ಅವರು "ಕೂರ್ಚೋಮ್ಮಾ" ಎಂದು ಕೂರಿಸಿ ನೀರು ಕೊಟ್ಟರು. "ನಿಮ್ಮ ತಂದೆ ಏನಾದರೂ ಹೇಳಿದರಾ ಅಂತ ನಾನು ಕೇಳಲ್ಲ. ನೀನೂ ಹೇಳಬೇಡ. ಅವರಿಗೆ ತೊಂದರೆಯಾಗೋದು ಬೇಡ" ಎಂದರು. ಅಂದೇ ಅಚಲಾವನ್ನು, ಇಲ್ಲಿ ಯಾರೂ ಕೊಳ್ಳಬಾರದು, ಮಾರಬಾರದು ಎಂಬ ಪಟ್ಟಿಗೆ ಸೇರಿಸಿದರು. ಮೂವತ್ತರಂದು ಐವರು ರಿಪೋರ್ಟು ಹೇಳಿದರು. ನಾನು ನೀಲಿ ಕುರ್ತಾ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದೆ. ನೌಕರಿ ಬೇರೆ ಇಬ್ಬರಿಗೆ ಆಯಿತು. ದುಃಖವಾಗಿದೆ. ಇಲ್ಲ ಎಂದರೆ ಮೂರನೇ ಸುಳ್ಳಾಗುತ್ತದೆ.

ಅದಕ್ಕಿಂತ ಹೆಚ್ಚಿನ ದುಃಖ ಬೇರೆ ಇದೆ. ಮಂಗಳವಾರ ಹನ್ನೊಂದು ಗಂಟೆಗೆ ನೀವು ಮನೆಯಲ್ಲಿ ಕೂತು ಪತ್ರ ಬರೆಯುತ್ತಿದ್ದಿರಿ. ಅಡುಗೆಮನೆಗೆ ಸುಣ್ಣ ಹಚ್ಚಿದಿರಿ. ಸೋಪು ಸವೆಯಲಿಲ್ಲ. ಬೈಪಾಸಿನ ಹಾರನ್ ಕೇಳಿಸಿತು. ಎಲ್ಲ ಬರೆದಿದ್ದಿರಿ. ನಾನು ಕಂಪನಿಯ ಇನ್ನೂರು ಪುಟದ ವರದಿ ಅಕ್ಷರ ಬಿಡದೆ ಓದಿದೆ, ನಿಮ್ಮ ಒಂದು ಪುಟ ಓದಲು ಬರಲಿಲ್ಲ.

ಫಾರ್ಮನ್ನು ಮತ್ತೆ ತುಂಬಿಸಿಕೊಂಡರು. ಸಂಬಂಧಿಕರ ಹೆಸರು: ಅಮರೇಶಪ್ಪ. ಸಂಬಂಧ: ತಂದೆ. ಕೆಲಸ: ಬಾಯ್ಲರ್ ಆಪರೇಟರ್, ಇಪ್ಪತ್ಮೂರು ವರ್ಷ. ಈ ಎರಡು ತಿಂಗಳಲ್ಲಿ ನಾನು ಬರೆದ ಸರಿಯಾದ ಪುಟ ಅದೊಂದೇ.

ಇಂದು ಮತ್ತೆ ಜೀಡಿಮೆಟ್ಲಾಕ್ಕೆ ಹೋಗಿದ್ದೆ. ಕಾರ್ಖಾನೆ ಸಾಮಾನಿನ ಅಂಗಡಿಯಲ್ಲಿ ಕೆಂಪು ಮಫ್ ಸಿಕ್ಕಿತು, ಫೋಟೋದಲ್ಲಿದ್ದದ್ದೇ. ಹುಲಗೇಶ ಕಾಕಾನ ಕೈಯಲ್ಲಿ ಕಳಿಸಿದ್ದೇನೆ. ಇದನ್ನು ಯಾರೂ ಡಬ್ಬಿಗೆ ವಾಪಸ್ ಹಾಕಿಕೊಳ್ಳುವುದಿಲ್ಲ.

ಬಾಯ್ಲರಿನ ಮಾತು ಆಡಿದ್ದಕ್ಕೆ ಕ್ಷಮಿಸಿರಿ ಅಪ್ಪಾ.

ಕಾವ್ಯಾ


ಹುಮನಾಬಾದ್
೪ ಜೂನ್ ೨೦೨೫

ಯವ್ವಾ,

ಇನ್ನು ಪುಸ್ತಕದ ಕನ್ನಡ ಬ್ಯಾಡ. ಮಾತಾಡಿದಂಗ ಬರೀತೀನಿ.

ನಿನ್ನ ಪತ್ರ ನಿನ್ನ ಅವ್ವ ನನ್ನಿಂದ ಮೂರು ಸಲ ಓದಿಸಿದಳು. ಫಾರ್ಮಿನ ಸಾಲು ಬಂದಾಗೊಮ್ಮೆ "ಅದನ್ನ ಇನ್ನೊಮ್ಮೆ ಓದ್ರಿ" ಅಂದಳು. ನನ್ನ ಹೆಸರು, ನನ್ನ ಕೆಲಸ ಅಷ್ಟು ಎತ್ತರದ ಆಫೀಸಿನ ಕಾಗದದ ಮ್ಯಾಲೆ ಕುಂತಾವ ಅಂದ್ರ ಸಣ್ಣ ಮಾತಲ್ಲ. ನೌಕರಿ ಹೋತಂತ ಕೊರಗಬ್ಯಾಡ. ತಪ್ಪಾಗಿತ್ತು, ನೀನೇ ಎದುರು ನಿಂತು ಹೇಳಿದಿ. ನಾನಾಗಿದ್ರ ಹೇಳ್ತಿದ್ನೋ ಇಲ್ಲೋ. ನಿಮ್ಮ ಸರ್‌ಗೆ ನನ್ನ ಶರಣು ತಿಳಿಸು.

ಮಫ್ ಬಂದಾವ. ಹಾಕ್ಕೊಂಡು ಅಂಗಳಕ್ಕ ಬಂದೆ. ನಿನ್ನ ಅವ್ವ, "ಯಾರ ಮದುವಿ ಬ್ಯಾಂಡಿಗೆ ಹೊಂಟೀರಿ?" ಅಂತ ಕೇಳಿ ನಕ್ಕು ನಕ್ಕು ಗೋಡಿ ಹಿಡಕೊಂಡಳು. ಅವು ಎಷ್ಟು ಚೊಲೋ ಅಂದ್ರ, ಆಕಿ ನಕ್ಕದ್ದು ಕಂಡಿತು, ಕೇಳಿಸಲೇ ಇಲ್ಲ.

ಇವತ್ತು ಗೇಟಿಗೆ ನೋಟೀಸು ಅಂಟಿಸ್ಯಾರ, ಊರ ಮಂದಿಯೆಲ್ಲ ಓದಾಕತ್ತೈತಿ, ಅದಕ್ಕ ನಿನಗೂ ಹೇಳ್ತೀನಿ. ನೀರಿನ ಕೆಲಸ ಮುಗೀತಂತ, ಸರಕಾರದವರು ಹೂಂ ಅಂದಾರಂತ. ಸೋಮವಾರ ಬಾಯ್ಲರ್ ಹಚ್ಚಬೇಕು. ನನ್ನ ಹೆಸರೂ ಪಟ್ಟಿಯಾಗೈತಿ. ಓದಿದ ಕೂಡಲೆ ಖುಷಿ ಆತು, ಆಮ್ಯಾಲೆ ಮನಸ್ಸು ಒಂಥರಾ ಆತು. ನಿನ್ನ ಮಫ್ ಹಾಕ್ಕೊಂಡೇ ನಿಲ್ಲತೀನಿ, ಆಣಿ ಮಾಡ್ತೀನಿ. ಆದ್ರ ಇಷ್ಟು ಹಳೇ ಕಿವಿ, ಎಷ್ಟು ದಿನ ತೆರೆದಿರ್ತಾವೋ ನನಗ ಗೊತ್ತಿಲ್ಲ.

ಈ ಮೂರು ತಿಂಗಳಾಗ ಭಾಳ ಕೇಳಿಸ್ಕೊಂಡೀನಿ. ಕುಕ್ಕರಿನ ಸೀಟಿ, ಪಾರಿವಾಳ, ಹುಲಗೇಶನ ಹಾರನ್, ನಿನ್ನ ಅವ್ವನ ಬೈಗುಳ. ನಿನ್ನದೊಂದು ಉಳದೈತಿ.

ಶುಕ್ರವಾರ ನಿನ್ನ ಕೆಲಸ ಮುಗೀತದಲ್ಲ. ಭಾನುವಾರದ ಮೊದಲ ಬಸ್ಸಿಗೆ ಬಾ. ಹೊರಸಿಗೆ ಹೊಸ ಪಟ್ಟಿ ಐತಿ, ಅದರ ಮ್ಯಾಲೆ ಕುಂತು ಹೊತ್ತು ಮುಳುಗೋತನಕ ಮಾತಾಡು, ಏನರ ಮಾತಾಡು, ಶೇರಿನ ಸುದ್ದಿ ಆದ್ರೂ ಅಡ್ಡಿಯಿಲ್ಲ.

ಬಂದ ಕೂಡಲೆ ಕೂಗಬ್ಯಾಡ ಯವ್ವಾ, ಹೆಗಲ ಮುಟ್ಟಬ್ಯಾಡ. ಬಾಗಿಲದಾಗ ನಿಂತು ಮೆಲ್ಲಗ "ಅಪ್ಪಾ" ಅನ್ನು. ಎರಡನೇ ಸಲ ಅನ್ನೋದು ಬೇಕಾಗೋದಿಲ್ಲ.

ಅಪ್ಪ